ಸೊಸೆಯನ್ನು ಕೇಳಿದ್ದೀರಾ ಸ್ವಾಮಿ?

‘ನನ್ನ ಸೊಸೆ ನರ್ಸ್. ರೋಗಿಗೆ ಅಪಾಯ ಬರುವುದನ್ನು ಮೊದಲೇ ಹೇಳುವ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಅವಳ ಆಸ್ಪತ್ರೆಗೆ ಬಂದಿದೆ. ಅವಳಿಗೂ ಜೊತೆಯವರಿಗೂ ಅದನ್ನು ಕಂಡರೆ ಆಗುವುದಿಲ್ಲ. ಹೊಸದೆಂದರೆ ಇವರಿಗೇಕೆ ಇಷ್ಟು ಭಯ?’
– ಒಬ್ಬ ನಿವೃತ್ತ ಎಂಜಿನಿಯರ್

ಉತ್ತರ: ಭಯ ಅಂತ ಸೊಸೆ ಹೇಳಿದರೋ, ನೀವೇ ಅಂದುಕೊಂಡಿರೋ?

ಇಂಥ ಯಂತ್ರಗಳಿಂದ ಉಪಯೋಗವೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಡ್ಯೂಟಿ ಮುಗಿದ ಮೇಲೂ ಕೂತು ಬರೆಯುವ ರಿಪೋರ್ಟುಗಳ ಹೊರೆ ಇಳಿಸಿದರೆ ಮೊದಲು ಖುಷಿಪಡುವವರು ನರ್ಸ್‌ಗಳೇ.

ಆದರೆ ಇದನ್ನು ಕೇಳಿ. ಸೆಪ್ಸಿಸ್ ಎಂಬ ಮಾರಕ ಸೋಂಕಿನ ಸ್ಥಿತಿಯನ್ನು ಮೊದಲೇ ಹಿಡಿಯಲು ಅಮೆರಿಕದ ನೂರಾರು ಆಸ್ಪತ್ರೆಗಳು ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದವು. ಮಿಷಿಗನ್ ವಿಶ್ವವಿದ್ಯಾಲಯದವರು ಅದನ್ನು ಒರೆಗೆ ಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದ 100 ಜನರಲ್ಲಿ 67 ಮಂದಿ ಅದರ ಕಣ್ಣಿಗೇ ಬಿದ್ದಿರಲಿಲ್ಲ! ಆದರೂ ದಾಖಲಾದ ಪ್ರತಿ 100 ರೋಗಿಗಳಲ್ಲಿ 18 ಮಂದಿಯ ಹೆಸರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಇಂಥ ಎಚ್ಚರಿಕೆ ಬಂದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡಬೇಕಾದವರು ಯಾರು? ನೀವಲ್ಲ, ನಾನಲ್ಲ.

ಒಮ್ಮೆ ಅಮ್ಮನ ಜೊತೆ ಮೂರು ರಾತ್ರಿ ವಾರ್ಡಿನಲ್ಲಿ ಕಳೆದಿದ್ದೆ. ಮೊದಲ ರಾತ್ರಿ ಮಾನಿಟರ್ ಕೂಗಿದಾಗ ನನ್ನ ಜೀವವೇ ಬಾಯಿಗೆ ಬಂತು. ನರ್ಸ್ ಬಂದರು. ಪರದೆ ನೋಡಲಿಲ್ಲ, ಅಮ್ಮನ ಮುಖ ನೋಡಿದರು, ಆಮೇಲೆ ಬೆರಳು. ‘ಕ್ಲಿಪ್ ಜಾರಿದೆ ಸರ್, ಅಷ್ಟೇ’ ಅಂದರು. ಮೂರನೇ ರಾತ್ರಿ ಹೊತ್ತಿಗೆ ಆ ಕೂಗಿಗೆ ನನಗೆ ಎಚ್ಚರವೇ ಆಗುತ್ತಿರಲಿಲ್ಲ. ಅವರಿಗೆ ಆ ಸೌಲಭ್ಯ ಇಲ್ಲ ನೋಡಿ.

ಇನ್ನೊಂದು ತಮಾಷೆ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದವರು ಮಾಡಿದ ಒಂದು ವ್ಯವಸ್ಥೆ ಗಮನಿಸುವುದು ನರ್ಸ್‌ಗಳ ದಾಖಲೆಗಳನ್ನು. ಸಮಯವಲ್ಲದ ಸಮಯದಲ್ಲಿ ಬಿಪಿ ನೋಡಿದರೆ, ಮತ್ತೆ ಮತ್ತೆ ಟಿಪ್ಪಣಿ ಬರೆದರೆ, ಇವರಿಗೇನೋ ಅನುಮಾನ ಬಂದಿದೆ ಅಂತ ಅದು ತಿಳಿಯುತ್ತದೆ. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾವಿನ ಅಪಾಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಗ್ಗಿತ್ತು. ನರ್ಸ್‌ಗಳ ಅನುಮಾನವನ್ನು ನಂಬಿದ ಯಂತ್ರ ಗೆದ್ದಿತು ಅಲ್ವಾ? ಅದೇ ಅನುಮಾನ ಯಂತ್ರದ ಮೇಲೆ ಬಂದರೆ ಮಾತ್ರ ನಾವು ಭಯ ಅಂತೀವಿ.

2024ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನರ್ಸ್‌ಗಳು ಬೀದಿಗಿಳಿದಾಗಲೂ ಕೇಳಿದ್ದು ಇದನ್ನೇ: ಇದನ್ನೆಲ್ಲ ತರುವಾಗ ನಮ್ಮ ಮಾತಿಗೂ ಬೆಲೆ ಇರಲಿ.

ಕೆಲಸ ಮಾಡುವವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುವುದು ಎಲ್ಲ ಕಡೆಯ ಚಾಳಿ. ನಮ್ಮ ಪತ್ರಿಕೆಗೂ ಕರಡು ತಿದ್ದುವ ಸಾಫ್ಟ್‌ವೇರ್ ಬಂತು. ಕರಡು ತಿದ್ದುವವರನ್ನು ಯಾರೂ ಕೇಳಲಿಲ್ಲ. ಈಗ ಅದು ತಿದ್ದಿದ್ದನ್ನು ಅವರು ಮತ್ತೆ ತಿದ್ದುತ್ತಾರೆ. ಕೊಂಡವನು ನಾನೇ, ಹಾಗಾಗಿ ಯಾರನ್ನೂ ಬೈಯುವಂತಿಲ್ಲ.

ಸೊಸೆ ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಮಾಡಿ ಎದ್ದ ಮೇಲೆ ಕೇಳಿ, ಅದು ರಾತ್ರಿ ಎಷ್ಟು ಸಲ ಸುಮ್ನೆ ಕೂಗಿತು ಅಂತ. ಲೆಕ್ಕ ಇಟ್ಟಿರುತ್ತಾರೆ. ನನಗೂ ಬರೆದು ಕಳಿಸಿ.