ಪದ್ಮಿನಿಗೆ ಅಲೈನ್‌ಮೆಂಟ್ ನಿಲ್ಲುತ್ತಿಲ್ಲವೇ?

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿ ಎಡಕ್ಕೆ ಎಳೆಯುತ್ತದೆ. ಹಳ್ಳಕ್ಕಿಳಿದು ಎದ್ದಾಗಲೆಲ್ಲ ಸ್ಟೀರಿಂಗ್ ಗಡಗಡ ನಡುಗುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ವಾರದೊಳಗೆ ಅದೇ ಪಾಡು. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಮೂರನೇ ಸಲ ದುಡ್ಡು ಸುರಿಯಬೇಡಿ. ಕೀಲು ಸಡಿಲವಾದ ಗಾಡಿಯಲ್ಲಿ ಯಂತ್ರ ತೋರಿಸುವ ಅಳತೆ ಆ ಗಳಿಗೆಯದ್ದಷ್ಟೇ. ಬ್ಯಾಲೆನ್ಸಿಂಗ್ ಕೆಟ್ಟಿದ್ದರೆ ನುಣುಪು ರಸ್ತೆಯಲ್ಲೂ ಒಂದೇ ವೇಗಕ್ಕೆ ನಡುಗುತ್ತಿತ್ತು. ಹಳ್ಳ ಸಿಕ್ಕಾಗ ಮಾತ್ರ ಅಂದರೆ ನನ್ನ ಅನುಮಾನ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕೀಲಿನ ಗೂಟ) ಮೇಲೆ.

ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಟೈರಿನ ತಲೆ-ಬುಡ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್ ಪಿನ್ ಅಥವಾ ಅದು ಕೂರುವ ಲೋಹದ ಬುಷ್. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು), ಐಡ್ಲರ್ ಆರ್ಮ್ (ಸ್ಟೀರಿಂಗ್ ಬಾಕ್ಸಿನ ಎದುರು ಬದಿಯಲ್ಲಿ ಆ ಸರಳುಗಳನ್ನು ಹೊರುವ ತೋಳು) ನೋಡಿ. ಐಡ್ಲರ್ ಆರ್ಮನ್ನು ಬಹಳ ಗ್ಯಾರೇಜಿನವರು ಮುಟ್ಟುವುದೇ ಇಲ್ಲ! ಹೊಸ ಕಿಂಗ್ ಪಿನ್ ಹಾಕಿದರೆ ಬುಷ್ ಕೂಡ ಹೊಸದಿರಲಿ, ರೀಮರ್ ಹೊಡೆಸಿ (ಬುಷ್‌ನ ಒಳರಂಧ್ರವನ್ನು ಅಳತೆಗೆ ತರಿಸಿ) ಕೂರಿಸಬೇಕು. ಗ್ರೀಸ್ ಹೊಡೆಯುವಾಗ ಚಕ್ರ ನೆಲ ಬಿಟ್ಟಿರಲಿ. ಭಾರ ಕೂತಿದ್ದರೆ ಅದನ್ನು ಹೊರುವ ಥ್ರಸ್ಟ್ ಬೇರಿಂಗಿಗೆ ಗ್ರೀಸ್ ಸರಿಯಾಗಿ ಇಳಿಯುವುದಿಲ್ಲ.

ಎಡಕ್ಕೆ ಎಳೆಯುವುದಕ್ಕಾದರೆ, ಮೊದಲು ಟೈರಿನ ಗಾಳಿ ನೋಡಿ, ಮುಂದಿನ ಟೈರುಗಳನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ಹತ್ತು ಕಿಲೋಮೀಟರ್ ಓಡಿಸಿ ಬ್ರೇಕ್ ಡ್ರಮ್ಮುಗಳ ಹತ್ತಿರ ಕೈ ಹಿಡಿಯಿರಿ: ಎಡದ್ದೇ ಹೆಚ್ಚು ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಇದೆಲ್ಲ ಮುಗಿದ ಮೇಲೆಯೇ ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮುಂಬದಿ ಕೊಂಚ ಒಳಕ್ಕೆ ತಿರುಗಿರುವ ಅಳತೆ. ಗಾಡಿಯನ್ನು ಒಂದೆರಡು ಮೀಟರ್ ಮುಂದಕ್ಕೆ ತಳ್ಳಿ ನಿಲ್ಲಿಸಿ. ಮುಂದಿನ ಎರಡೂ ಟೈರಿನ ಮುಂಬದಿಗೆ, ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಎರಡು ಗುರುತುಗಳ ನಡುವಿನ ದೂರ ಅಳೆಯಿರಿ. ಗುರುತು ಹಿಂಬದಿಗೆ ಬರುವಂತೆ ಅರ್ಧ ಸುತ್ತು ಮುಂದಕ್ಕೇ ತಳ್ಳಿ ಮತ್ತೆ ಅಳೆಯಿರಿ. ಮುಂಬದಿಯ ಅಳತೆ ಹಿಂಬದಿಯದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಟೋ-ಇನ್. ಪದ್ಮಿನಿಯ ಕಾಲದ ಹಿಂಚಕ್ರ ಚಾಲನೆಯ ಕಾರುಗಳಿಗೆ ಸಾಮಾನ್ಯವಾಗಿ 1ರಿಂದ 3 ಮಿ.ಮೀ.; ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ಎರಡೂ ಟೈ ರಾಡ್ ಸಮಸಮ ತಿರುಗಿಸಿ, ಇಲ್ಲದಿದ್ದರೆ ಸ್ಟೀರಿಂಗ್ ವೀಲ್ ಸೊಟ್ಟ ನಿಲ್ಲುತ್ತದೆ.

ಪ್ರಶ್ನೆ: ಸ್ಟೀರಿಂಗ್ ಆಟ ಹೋಗಲೆಂದು ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿಸಿದೆ. ಈಗ ತಿರುವಿನಲ್ಲಿ ಬಿಗಿ ಹಿಡಿಯುತ್ತದೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಾಕ್ಸಿನೊಳಗಿನ ವರ್ಮ್ (ತಿರುಪಿನಂಥ ಗಿಯರ್) ಸವೆಯುವುದು ನಡುವಿನಲ್ಲಿ. ಅಲ್ಲಿನ ಆಟ ಪೂರ್ತಿ ಕಳೆದರೆ ಸವೆಯದ ತುದಿಗಳು ಹಿಡಿಯುತ್ತವೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರದಿದ್ದರೆ ಅಪಾಯ. ಇವತ್ತೇ ಸ್ಕ್ರೂ ಸಡಿಲಿಸಿ, ಬಾಕ್ಸಿನಲ್ಲಿ 90ರ ಗಿಯರ್ ಆಯಿಲ್ ಇದೆಯೇ ನೋಡಿ.