ಇಬ್ಬರ ಪ್ರಯಾಣ, ಇಬ್ಬರ ತಟ್ಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಗಂಡ-ಹೆಂಡತಿ ಇಬ್ಬರೇ ಪ್ರವಾಸ ಹೊರಟಾಗ ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದಿದ್ದಾರೆ. ನಾನು ಮತ್ತು ನಮ್ಮ ಯಜಮಾನರು ಬೆಂಗಳೂರಿನಲ್ಲಿ ಒಂದು ದಿನ ಉಳಿದು, ಮಾರನೆಯ ದಿನ ಕಾರಿನಲ್ಲಿ ಮೈಸೂರಿಗೆ ಹೋಗಬೇಕೆಂದಿದ್ದೇವೆ. ಹೆಸರಾದ ಹೋಟೆಲುಗಳನ್ನು ಬರೆಯುತ್ತ ಹೋದರೆ ಒಂದು ಪುಟ ತುಂಬುತ್ತದೆ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು?
(ಓದುಗರು, ಶಿವಮೊಗ್ಗ)

ಉತ್ತರ: ದಿನಕ್ಕೆ ಒಂದೇ ಊಟ, ಉಳಿದದ್ದೆಲ್ಲ ತಿಂಡಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ, ಆಗ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಇಬ್ಬರೇ ಇರುವವರಿಗೆ ಸಿಗುವ ದೊಡ್ಡ ಅನುಕೂಲವೆಂದರೆ, ಒಂದು ಕಡೆ ಕುಳಿತು ಎರಡು ದೋಸೆ ತಿನ್ನುವ ಬದಲು ಎರಡು ಕಡೆ ಒಂದೊಂದು ದೋಸೆಯನ್ನು ಹಂಚಿಕೊಂಡು ತಿನ್ನಬಹುದು. ಆರು ಜನರ ಸಂಸಾರ ಹೊರಟಾಗ ಇದು ಆಗದ ಮಾತು.

ಬೆಂಗಳೂರಿನ ಬೆಳಗನ್ನು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಆರಂಭಿಸಬಹುದು. 1965ರಿಂದ ನಡೆಯುತ್ತಿರುವ ಈ ಪುಟ್ಟ ಜಾಗದಲ್ಲಿ ಇಡ್ಲಿ, ವಡೆ, ಖಾರಾಭಾತ್, ಕೇಸರಿಭಾತ್ ಬಿಟ್ಟರೆ ಹೆಚ್ಚೇನೂ ಇಲ್ಲ. ಸಾಂಬಾರನ್ನು ಕೇಳಲೇಬೇಡಿ, ಕೊಡುವುದು ಚಟ್ನಿ ಮಾತ್ರ. ನಿಂತೇ ತಿನ್ನಬೇಕು. ಒಂದು ಪ್ಲೇಟ್ ಇಡ್ಲಿಯನ್ನು ಇಬ್ಬರೂ ಹಂಚಿಕೊಂಡು, ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡು ಹೊರಡಿ. ಅಲ್ಲಿಂದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ದೂರವಿಲ್ಲ. 1943ರಲ್ಲಿ ಆರಂಭವಾದ ಈ ಹೋಟೆಲಿನ ಮಸಾಲೆ ದೋಸೆ ಹೊರಗೆ ಗರಿಗರಿಯಾಗಿಯೂ ಒಳಗೆ ಮೆತ್ತಗೂ ಇರುತ್ತದೆ. ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಯನ್ನು ನೋಡುವುದಕ್ಕಾಗಿಯೇ ಕೆಲವರು ಬಾಗಿಲಿಗೆ ಎದುರಾಗಿ ಕೂರುತ್ತಾರೆ. ಇಲ್ಲಿ ಮೇಜು ನಿಮ್ಮಿಬ್ಬರಿಗೇ ಸಿಗುತ್ತದೆಂದು ಎಣಿಸಬೇಡಿ. ಎದುರಿಗೆ ಅಪರಿಚಿತರು ಬಂದು ಕೂರುತ್ತಾರೆ, ನಿಮ್ಮ ಹಿಂದೆ ಕಾಯುವವರು ನಿಂತಿರುತ್ತಾರೆ. ಮನಬಿಚ್ಚಿ ಮಾತನಾಡುವ ಜಾಗ ಇದಲ್ಲ. ತಿಂದು, ಎದ್ದು, ಎದುರಿನ ಬೀದಿಯಲ್ಲಿ ಹೂವು ಹಣ್ಣಿನ ಅಂಗಡಿಗಳನ್ನು ನೋಡುತ್ತ ನಡೆಯುವಾಗ ಮಾತನಾಡಿಕೊಳ್ಳಬೇಕು.

ಆ ದಿನದ ಒಂದು ಊಟವನ್ನು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಮೀಸಲಿಡಿ. 1924ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿತೆಂಬ ಮಾತು ಪ್ರಸಿದ್ಧವಾಗಿದೆ. ಊಟದ ಹೊತ್ತಿನಲ್ಲಿ ಕಾಯುವುದು ತಪ್ಪದು. ಹೆಸರು ಬರೆಸಿ ಕುಳಿತುಕೊಳ್ಳುವ ತಾಳ್ಮೆ ಇಬ್ಬರಿಗೂ ಇದ್ದರೆ ಮಾತ್ರ ಹೋಗಿ. ಇನ್ನೊಂದು ಸಂಗತಿ ಗಮನದಲ್ಲಿರಲಿ: ಎಂಟಿಆರ್‌ಗೆ ಸೋಮವಾರ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಒಂದೇ ದಿನ ಕೈಯಲ್ಲಿರುವವರು ಇದನ್ನು ನೋಡದೆ ಹೊರಟರೆ ಮುಚ್ಚಿದ ಬಾಗಿಲನ್ನು ನೋಡಿಕೊಂಡು ಬರಬೇಕಾಗುತ್ತದೆ.

ಮೈಸೂರಿನ ದಾರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಹೊತ್ತು ಉಳಿಯುವುದು ನಿಜ, ಆದರೆ ಆ ದಾರಿಯ ತಿಂಡಿಗಳೆಲ್ಲ ಈ ಊರುಗಳ ಒಳಗೇ ಇವೆ. ನೀವಿಬ್ಬರೂ ಆಫೀಸಿಗೆ ಹೊರಟವರಲ್ಲವಾದ್ದರಿಂದ ಹಳೆಯ ರಸ್ತೆಯನ್ನೇ ಹಿಡಿಯಿರಿ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಮೇಲೆ ಇಟ್ಟ ಬೆಣ್ಣೆ ಕರಗಿ ಅಂಚಿಗೆ ಇಳಿಯುವಷ್ಟರಲ್ಲಿ ತಿನ್ನಬೇಕು, ಆರಿದ ಮೇಲೆ ಅದಕ್ಕೆ ಆ ರುಚಿಯಿಲ್ಲ. ಮದ್ದೂರು ವಡೆ ಇದಕ್ಕೆ ತದ್ವಿರುದ್ಧ: ಅಕ್ಕಿ ಹಿಟ್ಟು, ಮೈದಾ, ರವೆಗಳಿಗೆ ಈರುಳ್ಳಿಯನ್ನೂ ಕರಿಬೇವನ್ನೂ ಧಾರಾಳವಾಗಿ ಸೇರಿಸಿ ಚಪ್ಪಟೆಯಾಗಿ ತಟ್ಟಿ ಕರಿದ ಈ ವಡೆ ಆರಿದ ಮೇಲೂ ಚೆನ್ನಾಗಿರುತ್ತದೆ. ರೈಲಿನಲ್ಲಿ ಬುಟ್ಟಿಯಲ್ಲಿಟ್ಟು ಮಾರಿಯೇ ಅದು ನಾಡಿಗೆಲ್ಲ ಹೆಸರಾಯಿತು. ಆದ್ದರಿಂದ ಅದನ್ನು ಕಟ್ಟಿಸಿಕೊಂಡು ಮುಂದೆ ಹೋಗಿ.

ಮೈಸೂರಿನಲ್ಲಿ ನಜರಬಾದಿನ ಮೈಲಾರಿ ದೋಸೆಯನ್ನು ಬಿಡಬೇಡಿ. ಅದೇ ಹೆಸರಿನ ಹೋಟೆಲುಗಳು ಒಂದಕ್ಕಿಂತ ಹೆಚ್ಚಿದ್ದು, ಯಾವುದು ಮೊದಲಿನದು ಎಂಬ ವಾದ ಊರವರಲ್ಲಿ ಇನ್ನೂ ಮುಗಿದಿಲ್ಲ. ನಿಮಗೆ ಆ ವಾದ ಬೇಕಿಲ್ಲ. ಗರಿಯಾದ ದೋಸೆ ಬಯಸುವವರಿಗೆ ಈ ಮೆತ್ತನೆಯ ಬೆಣ್ಣೆ ದೋಸೆ ಮೊದಲ ತುತ್ತಿಗೆ ಸಪ್ಪೆ ಎನಿಸಬಹುದು. ಕಾಯಿಚಟ್ನಿಯ ಜೊತೆ ಎರಡನೆಯದಕ್ಕೆ ಕೈ ತಾನಾಗಿ ಹೋಗುತ್ತದೆ. ಇಲ್ಲಿ ಹಂಚಿಕೊಳ್ಳುವ ನಿಯಮವನ್ನು ಮುರಿಯಲು ಅಡ್ಡಿಯಿಲ್ಲ.

ಪ್ರಶ್ನೆ: ನಾನು ಸಸ್ಯಾಹಾರಿ, ನನ್ನ ಪತಿಗೆ ಮೀನೆಂದರೆ ಪ್ರಾಣ. ಜುಲೈ ತಿಂಗಳಲ್ಲಿ ಮಂಗಳೂರು, ಉಡುಪಿ, ಕುಂದಾಪುರ ಸುತ್ತುವ ಯೋಚನೆಯಿದೆ. ಒಂದೇ ಮೇಜಿನಲ್ಲಿ ಇಬ್ಬರಿಗೂ ತೃಪ್ತಿಯಾಗುವ ಹೋಟೆಲು ಸಿಗುವುದೇ?
(ಓದುಗರು, ತುಮಕೂರು)

ಉತ್ತರ: ಸಿಗುತ್ತದೆ, ಆದರೆ ಜುಲೈ ತಿಂಗಳು ನಿಮ್ಮ ಪತಿಗಿಂತ ನಿಮಗೇ ಹೆಚ್ಚು ಅನುಕೂಲವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿ ಮಾಡುವ ಕಾಲವೆಂದೂ ಕಡಲು ಒರಟಾಗಿರುತ್ತದೆಂದೂ ಈ ಏರ್ಪಾಡು. ಹೋಟೆಲಿನಲ್ಲಿ ಅಂಜಲ್ ಫ್ರೈ ಸಿಕ್ಕರೂ ಅದು ಮಂಜುಗಡ್ಡೆಯಲ್ಲಿಟ್ಟದ್ದಾಗಿರುವ ಸಂಭವ ಹೆಚ್ಚು. ಅಂಥ ದಿನಗಳಲ್ಲಿ ಹೊಳೆ, ಅಳಿವೆಗಳ ಮೀನು, ಸಿಗಡಿ, ಮರುವಾಯಿ (ಚಿಪ್ಪಿನೊಳಗಿನ ಮಾಂಸ) ಇವುಗಳಲ್ಲಿ ಈ ದಿನ ಬಂದದ್ದು ಯಾವುದೆಂದು ಕೇಳಿ ತರಿಸಿಕೊಳ್ಳುವುದು ಜಾಣತನ. ಬಂಗುಡೆ ಪುಳಿಮುಂಚಿಯನ್ನೂ ಕಾಣೆ ಮೀನಿನ ಫ್ರೈಯನ್ನೂ ಮನಸಾರೆ ತಿನ್ನಬೇಕೆಂದರೆ ಪ್ರವಾಸವನ್ನು ಸೆಪ್ಟೆಂಬರಿನ ಆಚೆಗೆ ತಳ್ಳುವುದು ಲೇಸು.

ನಿಮ್ಮ ಪಾಲಿಗೋ, ಮಳೆಗಾಲದ ಕರಾವಳಿ ಬೇರೆಯೇ ಅಡುಗೆಮನೆ. ಕೆಸುವಿನೆಲೆಗೆ ಮಸಾಲೆ ಹಚ್ಚಿ ಸುತ್ತಿ ಹಬೆಯಲ್ಲಿ ಬೇಯಿಸುವ ಪತ್ರೊಡೆ, ಕಣಿಲೆಯ (ಎಳೆ ಬಿದಿರಿನ) ಪಲ್ಯ, ಹಲಸಿನ ಹಣ್ಣಿನ ಗಟ್ಟಿ ಎಂಬ ಸಿಹಿ ಕಡುಬು ಇವೆಲ್ಲ ಆ ಕಾಲದವು. ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಇವು ಯಾವಾಗಲೂ ಇರುವುದಿಲ್ಲ. ಹೋಂಸ್ಟೇಯಲ್ಲಿ ಉಳಿದರೆ ಹಿಂದಿನ ದಿನವೇ ಹೇಳಿಡಿ, ಏಕೆಂದರೆ ಪತ್ರೊಡೆಗೆ ಎಲೆ ಕೊಯ್ದು ತರುವುದರಿಂದಲೇ ಕೆಲಸ ಶುರುವಾಗುತ್ತದೆ. ಉಡುಪಿಯಲ್ಲಿ ರಥಬೀದಿಯ ಬಳಿಯ ಮಿತ್ರ ಸಮಾಜ ಹೋಟೆಲಿನ ಗೋಳಿಬಜೆ, ಬನ್ಸ್ ತಿನ್ನಲು ಮಳೆಯ ಸಂಜೆಗಿಂತ ಒಳ್ಳೆಯ ಹೊತ್ತಿಲ್ಲ.

ಒಂದೇ ಮೇಜಿನ ಪ್ರಶ್ನೆಗೆ ನೀರುದೋಸೆಯೇ ಪರಿಹಾರ. ಅದಕ್ಕೆ ನೀವು ಕಾಯಿಬೆಲ್ಲ ಹಚ್ಚಿಕೊಳ್ಳಬಹುದು, ಅವರು ಕೋಳಿ ಗಸಿಯಲ್ಲಿ ಅದ್ದಿಕೊಳ್ಳಬಹುದು. ಆದರೆ ಬರಿಯ ಮೀನಿನೂಟಕ್ಕೆ ಹೆಸರಾದ ಚಿಕ್ಕ ಹೋಟೆಲುಗಳಲ್ಲಿ ಸಸ್ಯಾಹಾರಿಗೆ ಸಿಗುವುದು ಅನ್ನ, ಸಾರು, ಉಪ್ಪಿನಕಾಯಿ ಅಷ್ಟೆ. ಎದುರಿನವರ ತಟ್ಟೆಯ ವಾಸನೆಯನ್ನು ಸಹಿಸಿಕೊಂಡು ಅದನ್ನು ತಿನ್ನುವುದು ಪ್ರೀತಿಯ ಲಕ್ಷಣವೆಂದು ಯಾರೂ ಕಟ್ಟು ಮಾಡಿಲ್ಲ. ಅವರು ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ, ಬ್ಯಾಡಗಿ ಮೆಣಸು ತುಪ್ಪದಲ್ಲಿ ಕೆಂಪಗೆ ಹುರಿದುಕೊಂಡ ಚಿಕನ್ ಘೀ ರೋಸ್ಟನ್ನು ಅದು ಹುಟ್ಟಿತೆನ್ನುವ ಜಾಗದಲ್ಲೇ ತಿನ್ನಲಿ, ನೀವು ಸಸ್ಯಾಹಾರಿ ಹೋಟೆಲಿನಲ್ಲಿ ಬಾಳೆಲೆ ಊಟ ಮುಗಿಸಿ. ಆಮೇಲೆ ಸೇರುವುದಕ್ಕೆ ಐಸ್‌ಕ್ರೀಮ್ ಇದೆ. ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂದು ಹೇಳುವ ಗಡ್‌ಬಡ್ ಈಗ ಕರಾವಳಿಯ ಊರೂರಿನಲ್ಲೂ ಸಿಗುತ್ತದೆ. ಮಂಗಳೂರಿನಲ್ಲಾದರೆ 1975ರಿಂದ ಇರುವ ಐಡಿಯಲ್‌ಗೆ ಹೋಗಿ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿಗಳು ಪದರ ಪದರವಾಗಿ ಬರುವ ಅದನ್ನು ಒಬ್ಬರೇ ಮುಗಿಸುವುದು ಕಷ್ಟ. ಎರಡು ಉದ್ದ ಚಮಚ ಕೇಳಿ ಪಡೆಯಿರಿ.

ಪ್ರಶ್ನೆ: ದರ್ಶಿನಿಗಳಲ್ಲಿ ನಿಂತು ಕಾಫಿ ಕುಡಿದು ಸಾಕಾಗಿದೆ. ಇಬ್ಬರೂ ಕುಳಿತು ಅರ್ಧ ಗಂಟೆ ಮಾತನಾಡುವಂಥ ಜಾಗ ಬೆಂಗಳೂರಿನಲ್ಲಿ ಉಳಿದಿದೆಯೇ? ಬೈ-ಟು ಕೇಳಿದರೆ ಹೋಟೆಲಿನವರು ಹಗುರವಾಗಿ ನೋಡುತ್ತಾರೆಯೇ?
(ಓದುಗರು, ಹೊಸಪೇಟೆ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಬೆಂಗಳೂರಿನಲ್ಲಿ ಬೈ-ಟು ಕಾಫಿ ಕೇಳಲು ಯಾರೂ ನಾಚಬೇಕಿಲ್ಲ, ಕೇಳುವವರಲ್ಲಿ ಕಾರಿನಲ್ಲಿ ಬಂದವರೂ ಇರುತ್ತಾರೆ. ಹಂಚಿಕೊಳ್ಳಬಾರದ್ದು ಫುಲ್ ಮೀಲ್ಸ್ ಮಾತ್ರ. ಬೇಕಾದಷ್ಟು ಬಡಿಸುವ ಊಟವನ್ನು ಇಬ್ಬರು ಒಂದೇ ಎಲೆಯಲ್ಲಿ ಉಣ್ಣುವಂತಿಲ್ಲವೆಂದು ಹಲವು ಕಡೆ ಬೋರ್ಡನ್ನೇ ಹಾಕಿರುತ್ತಾರೆ, ಅದು ನ್ಯಾಯವೂ ಹೌದು.

ದರ್ಶಿನಿಯಲ್ಲಿ ಕುರ್ಚಿಯಿಲ್ಲದಿರುವುದೇ ಅಲ್ಲಿ ಬೆಲೆ ಕಡಿಮೆಯಿರಲು ಒಂದು ಕಾರಣವಾದ್ದರಿಂದ ಅದರ ಮೇಲೆ ಮುನಿಸು ಬೇಡ. ಕೂರಬೇಕೆಂದರೆ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋಗಿ. ಕಾಫಿ ಕಾರ್ಮಿಕರ ಸಹಕಾರ ಸಂಘ ನಡೆಸುವ ಈ ಹೋಟೆಲು 2009ರಲ್ಲಿ ಎಂ.ಜಿ. ರಸ್ತೆಯ ಹಳೆಯ ಕಟ್ಟಡ ಬಿಟ್ಟು ಇಲ್ಲಿಗೆ ಬಂತು. ಪೇಟದ ಮಾಣಿಗಳು ಮಾತ್ರ ಜೊತೆಯಲ್ಲೇ ಬಂದರು. ಹತ್ತಿರದ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲೂ ಒಂದು ಕಪ್ ಮುಂದಿಟ್ಟುಕೊಂಡು ಎಷ್ಟು ಹೊತ್ತಾದರೂ ಕೂರುವ ಹಳೆಯ ಪದ್ಧತಿಯಿದೆ. ಮಧ್ಯಾಹ್ನದ ಊಟದ ಗದ್ದಲ ಕಳೆದ ಮೇಲೆ, ನಾಲ್ಕರ ಹೊತ್ತಿಗೆ ಹೋದರೆ ಎರಡೂ ಕಡೆ ನೆಮ್ಮದಿ.

ಪ್ರಶ್ನೆ: ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೊರಟಿದ್ದೇವೆ. ಅಲ್ಲಿ ಇಬ್ಬರು ಕುಳಿತು ಉಣ್ಣುವಂಥ ಒಳ್ಳೆಯ ರೆಸ್ಟೋರೆಂಟ್ ಯಾವುದು?
(ಓದುಗರು, ಚಿಕ್ಕಬಳ್ಳಾಪುರ)

ಉತ್ತರ: ರೆಸ್ಟೋರೆಂಟನ್ನು ಹುಡುಕಬೇಡಿ. ಬಾದಾಮಿಯಿಂದ ನಾಲ್ಕೈದು ಕಿಲೋಮೀಟರ್ ದೂರದ ಬನಶಂಕರಿ ಗುಡಿಯ ಬಳಿ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಮರದ ನೆರಳಿನಲ್ಲಿ ಕೂತಿರುತ್ತಾರೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಹಸಿ ಉಳ್ಳಾಗಡ್ಡಿ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು ಅಲ್ಲಿಯ ಊಟ. ಕೆಂಪು ಚಟ್ನಿಗೆ ಕೈ ಹಾಕುವ ಮುನ್ನ ಮೊಸರನ್ನು ಕಲಸಿಕೊಳ್ಳಿ, ನಮ್ಮ ಕಡೆಯ ನಾಲಿಗೆಗೆ ಅದು ಖಾರವೇ. ಚಿಲ್ಲರೆ ಜೊತೆಗಿರಲಿ. ಮಧ್ಯಾಹ್ನ ಎರಡು ದಾಟಿದರೆ ಬುಟ್ಟಿ ಖಾಲಿಯಾಗಿರಬಹುದಾದ್ದರಿಂದ, ಗುಹೆಗಳನ್ನು ಬೆಳಿಗ್ಗೆಯೇ ನೋಡಿ ಮುಗಿಸಿ ಊಟದ ಹೊತ್ತಿಗೆ ಅಲ್ಲಿರುವಂತೆ ಹೊರಡಿ.