ಇಳಿಜಾರಿನಲ್ಲಿ ಜಾರುವ ರೋಬೋ

ಪ್ರಶ್ನೆ: ರೊಬಸ್ಟಾ ಸಾಲುಗಳ ನಡುವೆ ಗೊಬ್ಬರ ಸಾಗಿಸಲು ನಾಲ್ಕು ಚಕ್ರದ ರೋಬೋ ಮಾಡಿದ್ದೇವೆ. ಅಗಲ 60 ಸೆಂ.ಮೀ., ದಾರಿಯ ಅಗಲ 160 ಸೆಂ.ಮೀ., ವೇಗ ಸೆಕೆಂಡಿಗೆ 0.6 ಮೀಟರ್. ಸಿಮ್ಯುಲೇಶನ್‌ನಲ್ಲಿ ಎಂಪಿಸಿ (ಮಾಡೆಲ್ ಪ್ರೆಡಿಕ್ಟಿವ್ ಕಂಟ್ರೋಲ್, ಅಂದರೆ ಗಾಡಿಯ ಗಣಿತದ ಮಾಡೆಲ್‌ನಿಂದ ಮುಂದಿನ ಹೆಜ್ಜೆಗಳನ್ನು ಊಹಿಸಿ ದಾರಿ ಹಾಕುವ ವಿಧಾನ) ಚೆನ್ನಾಗಿ ಓಡಿಸುತ್ತದೆ. ಮಳೆ ಬಿದ್ದ ಇಳಿಜಾರಿನಲ್ಲಿ ಮಾತ್ರ ಗಾಡಿ ಕೆಳಬದಿಗೆ ಜಾರುತ್ತದೆ, ‘ಪರಿಹಾರವಿಲ್ಲ’ ಎಂದು ಆ ಲೆಕ್ಕ ಬಿಡಿಸುವ ಸಾಲ್ವರ್ ಕೈಚೆಲ್ಲುತ್ತದೆ. ಏನು ಮಾಡಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಮೂಡಿಗೆರೆ

ಉತ್ತರ: ಚಕ್ರ ಅಡ್ಡಕ್ಕೆ ಜಾರುತ್ತದೆಂಬುದು ನಿಮ್ಮ ಮಾಡೆಲ್‌ಗೆ ಗೊತ್ತೇ ಇಲ್ಲ. ಹಾಗಾಗಿ ಅದು ಗಿಡದ ಅಂಚಿನವರೆಗೂ ದಾರಿ ಹಾಕುತ್ತದೆ. ಅಲ್ಲಿ ಒಂದು ಸೆಂ.ಮೀ. ಜಾರಿದರೂ ಮಿತಿ ದಾಟಿ ಲೆಕ್ಕ ಮುರಿಯುತ್ತದೆ. ಟ್ಯೂಬ್ ಎಂಪಿಸಿಯಲ್ಲಿ ಮಿತಿಯನ್ನು ಮೊದಲೇ ಒಳಕ್ಕೆ ಎಳೆದು, ಬಿಟ್ಟ ಜಾಗವನ್ನು ಜಾರಿಕೆಗೆ ಮೀಸಲಿಡುತ್ತೇವೆ. ಯೋಜಿಸಿದ ದಾರಿಯ ಆಚೀಚೆ ಗಾಡಿ ಸರಿದಾಡಬಹುದಾದ ಪಟ್ಟಿಯೇ ಟ್ಯೂಬ್. ಎಷ್ಟು ಎಳೆಯಬೇಕೆಂದು ಅಳೆದೇ ತಿಳಿಯಬೇಕು.

ಇಳಿಜಾರಿಗೆ ಅಡ್ಡಲಾಗಿ 6 ಮೀಟರ್ ಸುಣ್ಣದ ಗೆರೆ ಹಾಕಿ. ಗೊಬ್ಬರ ತುಂಬಿಯೇ, ಗೈರೋದಿಂದ (ತಿರುವು ಅಳೆಯುವ ಸೆನ್ಸರ್) ಮೂತಿಯನ್ನು ಮಾತ್ರ ನೇರ ಹಿಡಿದು ಓಡಿಸಿ. ಮೀಟರಿಗೊಮ್ಮೆ ಟೇಪ್ ಹಿಡಿದು ಗೆರೆಯಿಂದ ಎಷ್ಟು ಸರಿದಿದೆ ಎಂದು ಬರೆದುಕೊಳ್ಳಿ. ಚಕ್ರದ ಸುತ್ತು ಎಣಿಸುವ ಎನ್‌ಕೋಡರ್‌ಗೆ ಅಡ್ಡ ಜಾರಿಕೆ ಕಾಣುವುದಿಲ್ಲ. ಒಟ್ಟು 50 ಸೆಂ.ಮೀ. ಸರಿದಿದ್ದರೆ, 0.1 ಸೆಕೆಂಡಿನ ಹೆಜ್ಜೆಗೆ ಸರಾಸರಿ 0.5 ಸೆಂ.ಮೀ. ಆಯಿತು. ಗಟ್ಟಿ ಮಣ್ಣಿನಲ್ಲಿ ಅದು 0.2, ಒದ್ದೆ ತರಗೆಲೆಯ ಮೇಲೆ 0.8 ಎಂದಿಟ್ಟುಕೊಳ್ಳಿ.

ಈ 0.8 ಅನ್ನು ಹಾಗೇ ಡಿಸ್ಟರ್ಬೆನ್ಸ್ (ಮಾಡೆಲ್‌ಗೆ ಗೊತ್ತಿಲ್ಲದ ಅಡ್ಡಿ) ಎಂದು ಹಿಡಿದರೆ ಜಾಗ ದಂಡ. ಹೆಜ್ಜೆಗೆ ಶೇ. 10ರಷ್ಟು ತಪ್ಪನ್ನು ತಗ್ಗಿಸುವ ಫೀಡ್‌ಬ್ಯಾಕ್ ಇದ್ದಾಗ ಟ್ಯೂಬಿನ ಅರ್ಧ ಅಗಲ 0.8 ÷ 0.1 = 8 ಸೆಂ.ಮೀ. ಸರಾಸರಿ 0.5 ಅನ್ನು ಮಾಡೆಲ್‌ಗೇ ಸೇರಿಸಿ. ಉಳಿಯುವ ಏರಿಳಿತ 0.3, ಟ್ಯೂಬ್ 3 ಸೆಂ.ಮೀ. ಇಳಿಜಾರು ಬದಲಾಗುವುದರಿಂದ ಆ ಸರಾಸರಿಯನ್ನು ಕಾಲ್ಮನ್ ಫಿಲ್ಟರ್ (ಹೊಸ ಅಳತೆ ಬಂದಂತೆ ಅಂದಾಜನ್ನು ಸುಧಾರಿಸುವ ಲೆಕ್ಕ) ಓಡುತ್ತಲೇ ತಿದ್ದುತ್ತಿರಲಿ. ಇದು ಅಡ್ಡ ದೂರವೊಂದರ ಲೆಕ್ಕ. ಮೂತಿಯ ಕೋನವನ್ನೂ ಸೇರಿಸಿದರೆ ಟ್ಯೂಬ್ ಸಾಮಾನ್ಯವಾಗಿ ಇನ್ನಷ್ಟು ದಪ್ಪವಾಗುತ್ತದೆ.

ನಡುಗೆರೆಯಿಂದ ನಿಮಗಿರುವುದು ಆಚೀಚೆ 50 ಸೆಂ.ಮೀ. ಅದರಲ್ಲಿ ಟ್ಯೂಬಿಗೆ 3, ಸ್ಥಾನದ ಅಳತೆಯ ತಪ್ಪಿಗೆ 5 ಕಳೆದರೆ ಯೋಜನೆಗೆ ಉಳಿಯುವುದು 42. ಸಿಲ್ವರ್ ಓಕ್ ನೆರಳಲ್ಲಿ ಜಿಪಿಎಸ್ ಹದಗೆಟ್ಟರೆ ಆ 5 ಸಾಲದು.

ಸ್ಟಿಯರಿಂಗ್ ಮಿತಿಯನ್ನೂ ಹೀಗೇ ಕತ್ತರಿಸಿ. ತಿರುಗುವ ವೇಗ ಸೆಕೆಂಡಿಗೆ 0.8 ರೇಡಿಯನ್ ಇದ್ದರೆ 0.25 ಫೀಡ್‌ಬ್ಯಾಕ್‌ಗೆ, 0.55 ಯೋಜನೆಗೆ. ಇದನ್ನು ಬಿಟ್ಟರೆ ತಿದ್ದಬೇಕಾದ ಹೊತ್ತಿಗೆ ಮೋಟಾರಿನಲ್ಲಿ ಶಕ್ತಿ ಉಳಿದಿರುವುದಿಲ್ಲ, ಟ್ಯೂಬಿನ ಭರವಸೆಯೇ ಬಿದ್ದುಹೋಗುತ್ತದೆ.

ಯೋಜನೆಯ ಆರಂಭಬಿಂದುವನ್ನು ಅಳೆದ ಸ್ಥಾನಕ್ಕೇ ಕಟ್ಟಬೇಡಿ. ಟ್ಯೂಬಿನೊಳಗೆ ಎಲ್ಲಿ ಬೇಕಾದರೂ ಆರಿಸಿಕೊಳ್ಳಲು ಸಾಲ್ವರ್‌ಗೆ ಬಿಡಿ. 2005ರಲ್ಲಿ ಸಂಶೋಧಕರಾದ ಮೇನ್, ಸೆರಾನ್, ರಾಕೋವಿಚ್ ತೋರಿಸಿದ ವಿಧಾನ ಇದು. ಆಗಲೂ ಕೈಚೆಲ್ಲಿದರೆ ಹಿಂದಿನ ಯೋಜನೆಯನ್ನೇ ಒಂದು ಹೆಜ್ಜೆ ಸರಿಸಿ ಬಳಸಿ, ವೇಗವನ್ನು 0.3ಕ್ಕೆ ಇಳಿಸಿ.